ಕೇಪಿನ ಕಾಲದ ವಿಚಿತ್ರ ರಿವಾಲ್ವರುಗಳು

ಮಲೆನಾಡಿನ ಮನೆಗಳಲ್ಲಿ ಕೇಪಿನ ಕೋವಿಯನ್ನು ಕಂಡವರಿಗೆ ಅದರ ತತ್ತ್ವವನ್ನು ವಿವರಿಸಬೇಕಾಗಿಲ್ಲ. ಮದ್ದಿನ ಹಿಂಬದಿಯ ಸಣ್ಣ ಕೊಳವೆಗೆ ತಾಮ್ರದ ಕೇಪನ್ನು ತೊಡಿಸುವುದು. ಕುದುರೆ ಬಡಿದೊಡನೆ ಅಲ್ಲಿ ಹುಟ್ಟಿದ ಕಿಡಿ ಮದ್ದಿಗೆ ತಗಲುವುದು. ಇದನ್ನೇ ತಿರುಗುವ ಉರುಳೆಗೆ ಅಳವಡಿಸಿ ಅಮೆರಿಕದ ಸ್ಯಾಮ್ಯುಯೆಲ್ ಕೋಲ್ಟ್ 1836ರಲ್ಲಿ ತನ್ನ ರಿವಾಲ್ವರಿಗೆ ಪೇಟೆಂಟು ಪಡೆದನು.

ಪಶ್ಚಿಮದ ಸಂಗ್ರಾಹಕರಲ್ಲಿ ಒಂದು ವರ್ಗದವರು ಲಕ್ಷಗಟ್ಟಲೆ ತಯಾರಾದ ಕೋಲ್ಟನ್ನು ಬಿಟ್ಟು, ಕೆಲಕಾಲ ಬಾಳಿ ಮರೆಯಾದ ವಿಚಿತ್ರ ಮಾದರಿಗಳನ್ನೇ ಅರಸುತ್ತಾರೆ. ಇದನ್ನು ಸಿರಿವಂತರ ಹುಚ್ಚೆಂದು ತಳ್ಳಿಹಾಕಲು ನನಗೆ ಮನಸ್ಸು ಬಾರದು. ಓಲೆಗರಿಗಳ ನಡುವೆ ಆಯುಷ್ಯ ಕಳೆದವನಿಗೆ ಪಾಠಾಂತರದ ಬೆಲೆ ಗೊತ್ತು. ಸಂಪಾದಕನು ಕೈಬಿಟ್ಟ ಪಾಠವೇ ಎಷ್ಟೋ ವೇಳೆ ಲಿಪಿಕಾರನ ತೊಡಕನ್ನು ಹೇಳುತ್ತದೆ.

ಈ ವೈಚಿತ್ರ್ಯಗಳಲ್ಲಿ ಕೆಲವು ನ್ಯಾಯಾಲಯದ ಕೂಸುಗಳು. ಕುದುರೆಯನ್ನೆಳೆದರೆ ಉರುಳೆ ತಾನಾಗಿ ತಿರುಗುವ ಏರ್ಪಾಡು ಕೋಲ್ಟನ ಸ್ವತ್ತಾಗಿತ್ತು. 1851ರಲ್ಲಿ ಅವನು ಮ್ಯಾಸಚೂಸೆಟ್ಸ್ ಆರ್ಮ್ಸ್ ಕಂಪನಿಯ ಮೇಲೆ ದಾವೆ ಗೆದ್ದನು. ಆಮೇಲೆ ಆ ಕಂಪನಿ ಮಾಡಿದ ರಿವಾಲ್ವರುಗಳಲ್ಲಿ ಉರುಳೆಯನ್ನು ಕೈಯಿಂದಲೇ ತಿರುಗಿಸಬೇಕಾಯಿತು!

ಇನ್ನು ಕೆಲವು ಹೆಚ್ಚು ಗುಂಡುಗಳ ಆಸೆಯಿಂದ ಹುಟ್ಟಿದವು. ನ್ಯೂ ಆರ್ಲಿಯನ್ಸಿನ ವೈದ್ಯ ಲೆಮಾಟ್ 1856ರಲ್ಲಿ ಪೇಟೆಂಟು ಪಡೆದ ಆಯುಧದಲ್ಲಿ ಉರುಳೆಗೆ ಒಂಬತ್ತು ಗುಂಡು. ಉರುಳೆಯ ಅಚ್ಚೇ ಚರೆ ಹಾರಿಸುವ ದಪ್ಪ ನಳಿಗೆ. ಕುದುರೆಯ ಮೂತಿಯನ್ನು ಸರಿಸಿದರೆ ಪೆಟ್ಟು ನಡುವಿನ ನಳಿಗೆಗೆ ಬೀಳುತ್ತದೆ. ಅಂತರ್ಯುದ್ಧದಲ್ಲಿ ದಕ್ಷಿಣದ ಸೇನಾನಿ ಬೋರೆಗಾರ್ಡ್ ಇದನ್ನು ಧರಿಸಿದ್ದನು. ತಯಾರಾದವು ಸುಮಾರು 2,900 ಮಾತ್ರ.

ನನ್ನನ್ನು ಹೆಚ್ಚು ಕಾಡುವುದು 1859ರ ವಾಲ್ಚ್. ಅದರ ದೊಡ್ಡ ಮಾದರಿಯಲ್ಲಿ ಕೋಣೆಗಳು ಆರು, ಗುಂಡುಗಳು ಹನ್ನೆರಡು. ಒಂದೊಂದು ಕೋಣೆಯಲ್ಲೂ ಒಂದರ ಹಿಂದೊಂದು ಎರಡು ತುಂಬು; ಅದಕ್ಕಾಗಿ ಎರಡು ಕುದುರೆ. ಮೊದಲು ಮುಂದಿನದು ಹಾರಬೇಕು. ಹಿಂದಿನ ಮದ್ದಿಗೆ ಬೆಂಕಿ ತಾಗದಂತೆ ತಡೆಯುವುದು ಅದರ ಮೇಲೆ ಬಿಗಿದ ಸೀಸದ ಗುಂಡೊಂದೇ. ಆ ಬಿಗಿ ಸಡಿಲಿದರೆ ಎರಡೂ ಒಟ್ಟಿಗೆ ಸಿಡಿಯುತ್ತವೆ; ಕೈ ಹಿಡಿದವನದು. ನಾವು ಗಾಜಿನ ಪೆಟ್ಟಿಗೆಯಲ್ಲಿ ನೋಡಿ ಮೆಚ್ಚುವ ಚಾತುರ್ಯವನ್ನು ಯಾರೋ ಒಬ್ಬನು ಪ್ರಾಣ ಒತ್ತೆಯಿಟ್ಟು ನಂಬಿದ್ದನು.

ನಮ್ಮಲ್ಲಿ ಇಂಥದನ್ನು ಇಟ್ಟುಕೊಳ್ಳುವವರು 1959ರ ಆಯುಧ ಕಾಯಿದೆಯನ್ನು ನೋಡಬೇಕು. ಪುರಾತನವಾದರೂ ದುರಸ್ತಿಯಿಂದ ಸಿಡಿಯಬಲ್ಲದ್ದಕ್ಕೆ ಅದರ 45ನೆಯ ವಿಭಾಗದ ವಿನಾಯಿತಿ ಇಲ್ಲ. ಇನ್ನೊಂದು ಮಾತು, ದಯವಿಟ್ಟು ಉಜ್ಜಿ ಹೊಳಪು ಕೊಡಬೇಡಿ. ಕೇಪು ಕೂರುವ ಕೊಳವೆಯ ಜಜ್ಜಿದ ಅಂಚು, ಅದರ ಸುತ್ತ ಮದ್ದಿನ ಉರಿಗೆ ಸವೆದ ಸಣ್ಣ ಕುಳಿಗಳು, ಆಯುಧ ಬಳಕೆಯಾಗಿತ್ತೆಂಬುದಕ್ಕೆ ಇರುವ ಸಾಕ್ಷ್ಯ. ಅರದ ನಾಲ್ಕು ಎಳೆತಕ್ಕೆ ಅದು ಅಳಿಸಿಹೋಗುತ್ತದೆ.