ಹರಳಿಗೆ ಊರಿಲ್ಲ

ಬೆಳಗಿನ ಹೊತ್ತು ಕುರ್ಲಾ ನಿಲ್ದಾಣದ ಪಶ್ಚಿಮಕ್ಕೆ ಇಳಿದರೆ ಕಿವಿಗೆ ಬೀಳುವುದು ಒಂದೇ ಕೂಗು: ‘ಬಿಕೆಸಿ, ಬಿಕೆಸಿ’. ಜನ ತುಂಬಿದ ಕೂಡಲೇ ಶೇರ್ ಆಟೊ ಹೊರಡುತ್ತದೆ. ಮೀಠಿ ನದಿಯ ಆಸುಪಾಸಿನ ಜೌಗು ನೆಲವಾಗಿದ್ದ ಈ ಜಾಗವನ್ನು ಕಚೇರಿಗಳ ಊರಾಗಿಸುವ ಕೆಲಸ 1977ರಲ್ಲಿ ಮಹಾನಗರ ಅಭಿವೃದ್ಧಿ ಪ್ರಾಧಿಕಾರದ ಕೈಗೆ ಬಂತು. ಎರಡು ಹಳೆಯ ಊರುಗಳ ಹೆಸರು ಸೇರಿ ಬಾಂದ್ರಾ-ಕುರ್ಲಾ ಕಾಂಪ್ಲೆಕ್ಸ್ ಆಯಿತು. ಬಂಟರ ಭವನದ ಸಮಾರಂಭಕ್ಕೆಂದು ಕುರ್ಲಾದಲ್ಲಿ ಇಳಿಯುವ ಕನ್ನಡಿಗರು ಪೂರ್ವಕ್ಕೆ ನಡೆಯುತ್ತಾರೆ. ವಜ್ರದ ಕಚೇರಿಗಳಲ್ಲಿ ಕೆಲಸಕ್ಕಿರುವವರು ಪಶ್ಚಿಮಕ್ಕೆ ಇಳಿದು ಆಟೊ ಹಿಡಿಯುತ್ತಾರೆ. ಒಪೆರಾ ಹೌಸ್ ಬಳಿಯ ಇಕ್ಕಟ್ಟಿನ ಗಲ್ಲಿಗಳಲ್ಲಿದ್ದ ವಜ್ರದ ಪೇಟೆ 2010ರ ಅಕ್ಟೋಬರ್‌ನಲ್ಲಿ ಇಲ್ಲಿನ ಭಾರತ್ ಡೈಮಂಡ್ ಬೂರ್ಸ್‌ಗೆ ಬಂತು. 20 ಎಕರೆ ಜಾಗ, ಒಂಬತ್ತು ಕಟ್ಟಡ, ಸುಮಾರು 2500 ಕಚೇರಿ. ಜಗತ್ತಿನಲ್ಲಿ ಸಾಣೆ ಹಿಡಿಯುವ ಹತ್ತು ವಜ್ರಗಳಲ್ಲಿ ಒಂಬತ್ತಕ್ಕೆ ಹೊಳಪು ಬರುವುದು ಭಾರತದಲ್ಲಿ, ಹೆಚ್ಚಿನವಕ್ಕೆ ಸೂರತ್‌ನಲ್ಲಿ. ಅವುಗಳ ವ್ಯಾಪಾರದ ದೊಡ್ಡ ಬಾಗಿಲು ಇದು.

ಗುರುತಿನ ಚೀಟಿ ತೋರಿಸದೆ ಆ ಬಾಗಿಲು ದಾಟುವಂತಿಲ್ಲ. ಒಳಗೆ ಹೋಗುವವನು ಯಾರು, ಎಲ್ಲಿಯವನು, ಯಾರನ್ನು ಕಾಣಬೇಕು, ಎಲ್ಲಕ್ಕೂ ಲೆಕ್ಕವಿದೆ. ಒಳಗಿನ ಹರಳು ಯಾವ ಊರಿನದು, ಅದನ್ನು ಯಾರು ಅಗೆದರು, ಅಗೆಯುವಾಗ ಅವರ ಬೆನ್ನ ಹಿಂದೆ ಬಂದೂಕು ಹಿಡಿದು ನಿಂತಿದ್ದವರು ಯಾರು ಎಂಬ ಪ್ರಶ್ನೆಗೆ ಮಾತ್ರ ಅಂಥ ಲೆಕ್ಕವಿಲ್ಲ. ಇದು ಯಾರೋ ಮರೆತು ಆದದ್ದಲ್ಲ. ಇದಕ್ಕೆ ದಶಕಗಳ ಇತಿಹಾಸವಿದೆ.

1946ರ ಜುಲೈನಲ್ಲಿ, ಸ್ವಾತಂತ್ರ್ಯಕ್ಕೆ ಇನ್ನೂ ಒಂದು ವರ್ಷವಿರುವಾಗಲೇ, ಭಾರತವು ದಕ್ಷಿಣ ಆಫ್ರಿಕಾದೊಂದಿಗಿನ ವ್ಯಾಪಾರವನ್ನು ನಿಲ್ಲಿಸಿತು. ಅಲ್ಲಿನ ಭಾರತೀಯರ ಮೇಲೆ ಹೇರಿದ ಜನಾಂಗಭೇದದ ಕಾನೂನುಗಳಿಗೆ ಇದು ಉತ್ತರವಾಗಿತ್ತು. ಹಾಗೆ ಮಾಡಿದ ಮೊದಲ ದೇಶ ನಮ್ಮದು. ಮುಂದೆ ದಶಕಗಳ ಕಾಲ ಭಾರತದ ಪಾಸ್‌ಪೋರ್ಟ್ ಹಿಡಿದು ಆ ದೇಶಕ್ಕೆ ಹೋಗುವಂತಿರಲಿಲ್ಲ. ಇದು ನಾಟಕವಾಗಿರಲಿಲ್ಲ, ಭಾರತ ಇದಕ್ಕಾಗಿ ನಷ್ಟವನ್ನೂ ಅನುಭವಿಸಿತು.

ಆದರೆ 1960ರ ದಶಕದಿಂದ ಸೂರತ್ ಮತ್ತು ಮುಂಬಯಿಯ ವಜ್ರದ ಕಸುಬು ಬೆಳೆಯತೊಡಗಿತು, ಮತ್ತು ಆ ಕಾಲದಲ್ಲಿ ಕಚ್ಚಾ ವಜ್ರದ ಕೀಲಿಕೈ ಇದ್ದದ್ದು ದಕ್ಷಿಣ ಆಫ್ರಿಕಾದ ಡಿ ಬಿಯರ್ಸ್ ಕಂಪನಿಯ ಬಳಿ. ಲಂಡನ್ನಿನ ಚಾರ್ಟರ್‌ಹೌಸ್ ಬೀದಿಯಲ್ಲಿ ಅದರ ಮಾರಾಟ ಕಚೇರಿಯಿತ್ತು. ವರ್ಷಕ್ಕೆ ಹತ್ತು ಸಲ, ಆಯ್ದ ವ್ಯಾಪಾರಿಗಳ ಮುಂದೆ ಡಬ್ಬಿಗಳನ್ನು ಇಡಲಾಗುತ್ತಿತ್ತು; ಕೊಂಡರೆ ಇಡೀ ಡಬ್ಬಿ ಕೊಳ್ಳಬೇಕು. ಆ ಡಬ್ಬಿಯೊಳಗೆ ವರ್ಣಭೇದದ ದಕ್ಷಿಣ ಆಫ್ರಿಕಾದ ಹರಳು, ಮೊಬುಟುವಿನ ಝೈರ್‌ನ ಹರಳು, ಸೈಬೀರಿಯಾದ ಹರಳು, ಎಲ್ಲವೂ ಗಾತ್ರ-ಬಣ್ಣಗಳ ಪ್ರಕಾರ ಬೆರೆತಿರುತ್ತಿದ್ದವು. ಸೋವಿಯತ್ ಒಕ್ಕೂಟ 1960ರ ದಶಕದ ಮೊದಲಲ್ಲಿ ವರ್ಣಭೇದವನ್ನು ಖಂಡಿಸಿ ಡಿ ಬಿಯರ್ಸ್ ಜೊತೆಗಿನ ನಂಟು ಕಡಿದುಕೊಂಡೆನೆಂದು ಹೇಳಿತ್ತು; ಅದರ ಹರಳುಗಳು ಲಂಡನ್ನಿಗೆ ಸದ್ದಿಲ್ಲದೆ ಬರುತ್ತಲೇ ಇದ್ದವು. ಮುಂಬಯಿಗೆ ಬಂದಿಳಿಯುವಾಗ ಇವೆಲ್ಲ ಇಂಗ್ಲೆಂಡಿನ ಮಾಲು. ಹೀಗೆ ಮನುಷ್ಯರು ಹೋಗಬಾರದ ದೇಶದಿಂದ ಕಲ್ಲು ಸಲೀಸಾಗಿ ಬಂತು. ಬೆರಕೆ ಎಂಬುದು ವ್ಯಾಪಾರದ ಅನುಕೂಲ ಮಾತ್ರವಾಗಿರಲಿಲ್ಲ, ಎಲ್ಲರ ಮನಸ್ಸಾಕ್ಷಿಗೂ ಅನುಕೂಲವಾಗಿತ್ತು.

1990ರ ದಶಕದಲ್ಲಿ ಈ ಅನುಕೂಲಕ್ಕೆ ಪೆಟ್ಟು ಬಿತ್ತು. ಅಂಗೋಲಾದಲ್ಲಿ ಯುನಿಟಾ, ಸಿಯೆರಾ ಲಿಯೋನ್‌ನಲ್ಲಿ ಆರ್‌ಯುಎಫ್ ಬಂಡುಕೋರರು ವಜ್ರ ಮಾರಿ ಬಂದೂಕು ಕೊಳ್ಳುತ್ತಿದ್ದರು. ಕೈ ಕಡಿಸಿಕೊಂಡ ಮಕ್ಕಳ ಚಿತ್ರಗಳು ಲೋಕದ ಮುಂದೆ ಬಂದವು. ಗ್ಲೋಬಲ್ ವಿಟ್ನೆಸ್ ಸಂಸ್ಥೆ 1998ರಲ್ಲಿ ಈ ವ್ಯಾಪಾರದ ಬಗ್ಗೆ ವರದಿ ತಂದಿತು. ಮದುವೆಯ ಉಂಗುರಕ್ಕೆ ರಕ್ತದ ಕಲೆ ಅಂಟಿದರೆ ಕೊಳ್ಳುವವರಾರು ಎಂದು ಕಂಪನಿಗಳು ಬೆದರಿದವು. 2000ದ ಮೇ ತಿಂಗಳಲ್ಲಿ ದಕ್ಷಿಣ ಆಫ್ರಿಕಾದ ಕಿಂಬರ್ಲಿಯಲ್ಲಿ ಮಾತುಕತೆ ಶುರುವಾಗಿ, 2003ರ ಜನವರಿ 1ರಿಂದ ಕಿಂಬರ್ಲಿ ಪ್ರಮಾಣಪತ್ರದ ವ್ಯವಸ್ಥೆ ಜಾರಿಗೆ ಬಂತು. ಭಾರತ ಅದರ ಸ್ಥಾಪಕ ಸದಸ್ಯರಲ್ಲೊಂದು.

ಆ ವ್ಯವಸ್ಥೆಯ ಪ್ರಾಣವಿರುವುದು ಒಂದು ವಾಕ್ಯದಲ್ಲಿ. ‘ಸಂಘರ್ಷದ ವಜ್ರ’ ಎಂದರೆ ಅದರ ಪ್ರಕಾರ, ನ್ಯಾಯಸಮ್ಮತ ಸರ್ಕಾರಗಳನ್ನು ಬುಡಮೇಲು ಮಾಡುವ ಹೋರಾಟದ ಖರ್ಚಿಗೆಂದು ಬಂಡುಕೋರರೋ ಅವರ ಮಿತ್ರರೋ ಬಳಸುವ ಕಚ್ಚಾ ವಜ್ರ. ಶಾಲೆಯ ವ್ಯಾಕರಣದ ಕಣ್ಣಿನಿಂದ ನೋಡಿದರೂ ಸಾಕು. ಈ ವಾಕ್ಯದಲ್ಲಿ ಕರ್ತೃವಿನ ಸ್ಥಾನ ಬಂಡುಕೋರನಿಗೆ ಮೀಸಲು. ಸರ್ಕಾರ ಬರುವುದು ಕರ್ಮಪದವಾಗಿ, ಪೆಟ್ಟು ತಿನ್ನುವವನಾಗಿ ಮಾತ್ರ. ಸರ್ಕಾರವೇ ಪೆಟ್ಟು ಕೊಟ್ಟರೆ ಅದನ್ನು ಹೇಳಲು ಈ ವಾಕ್ಯಕ್ಕೆ ಬಾಯಿಯೇ ಇಲ್ಲ.

ಅದು ಗೊತ್ತಾಗಲು ಹೆಚ್ಚು ಕಾಲ ಬೇಕಾಗಲಿಲ್ಲ. ಜಿಂಬಾಬ್ವೆಯ ಮರಾಂಗೆಯಲ್ಲಿ 2006ರಲ್ಲಿ ವಜ್ರಕ್ಕಾಗಿ ಸಾವಿರಾರು ಬಡವರು ಮುಗಿಬಿದ್ದರು. 2008ರ ನವೆಂಬರ್‌ನಲ್ಲಿ ಮುಗಾಬೆ ಸರ್ಕಾರದ ಸೇನೆ ಹೆಲಿಕಾಪ್ಟರ್ ತಂದು ಅವರ ಮೇಲೆ ಗುಂಡು ಹಾರಿಸಿತು. ಸತ್ತವರು 200ಕ್ಕಿಂತ ಹೆಚ್ಚು ಎಂದು ಹ್ಯೂಮನ್ ರೈಟ್ಸ್ ವಾಚ್ 2009ರಲ್ಲಿ ವರದಿ ಮಾಡಿತು. ಕಿಂಬರ್ಲಿ ವ್ಯವಸ್ಥೆಗೆ ಆ ವರ್ಷ, 2008ರಲ್ಲಿ, ಅಧ್ಯಕ್ಷ ಸ್ಥಾನದಲ್ಲಿದ್ದದ್ದು ಭಾರತ. ಗಣಿಗಳಲ್ಲಿನ ದೌರ್ಜನ್ಯ ಬಯಲಿಗೆ ತರುತ್ತಿದ್ದ ಫರಾಯ್ ಮಗುವು 2010ರ ಜೂನ್‌ನಲ್ಲಿ ಬಂಧನಕ್ಕೊಳಗಾಗಿ ಒಂದು ತಿಂಗಳಿಗೂ ಹೆಚ್ಚು ಕಾಲ ಸೆರೆಯಲ್ಲಿದ್ದರು. ಮರುತಿಂಗಳೇ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಮರಾಂಗೆ ವಜ್ರದ ಸೀಮಿತ ಮಾರಾಟಕ್ಕೆ ಒಪ್ಪಿಗೆ ಸಿಕ್ಕಿತು. ಆಗಸ್ಟ್‌ನಲ್ಲಿ ಹರಾರೆಯಲ್ಲಿ ಹರಾಜು ನಡೆಯಿತು. ಸೂರತ್‌ನ ವ್ಯಾಪಾರಿಗಳ ಕೂಟವೊಂದು ಅದೇ ವರ್ಷ ನೇರ ಖರೀದಿಯ ಒಪ್ಪಂದಕ್ಕೆ ಮುಂದಾಯಿತು. ಬೂರ್ಸ್ ಕುರ್ಲಾದ ಮಗ್ಗುಲಿಗೆ ಬಂದದ್ದೂ ಅದೇ ವರ್ಷವೇ. 2011ರ ನವೆಂಬರ್‌ನಲ್ಲಿ ಕಿನ್ಶಾಸಾ ಸಭೆ ಮರಾಂಗೆಯ ರಫ್ತಿಗೆ ದಾರಿ ತೆರೆಯಿತು. ಮುಂದಿನ ತಿಂಗಳು ಗ್ಲೋಬಲ್ ವಿಟ್ನೆಸ್ ಕಿಂಬರ್ಲಿ ವ್ಯವಸ್ಥೆಯಿಂದ ಹೊರನಡೆಯಿತು.

ಇದನ್ನು ಓದಿ ಯುರೋಪಿನವರ ಕೈ ಸ್ವಚ್ಛ ಎಂದುಕೊಳ್ಳಬೇಕಿಲ್ಲ. ಜಿಂಬಾಬ್ವೆಯ ಸರ್ಕಾರಿ ಗಣಿ ಕಂಪನಿಯ ಮೇಲಿದ್ದ ನಿರ್ಬಂಧವನ್ನು ಐರೋಪ್ಯ ಒಕ್ಕೂಟ 2013ರ ಸೆಪ್ಟೆಂಬರ್‌ನಲ್ಲಿ ತೆಗೆಯಿತು. ಹಾಗಾಗಲೆಂದು ಒತ್ತಾಯಿಸಿದ್ದು ವಜ್ರದ ಪೇಟೆ ಆಂಟ್‌ವರ್ಪ್ ಇರುವ ಬೆಲ್ಜಿಯಂ. ಡಿಸೆಂಬರ್‌ನಲ್ಲಿ ಮರಾಂಗೆಯ ಹರಳು ಆಂಟ್‌ವರ್ಪ್‌ನಲ್ಲೇ ಹರಾಜಾಯಿತು. 2022ರಲ್ಲಿ ರಷ್ಯಾ ಉಕ್ರೇನಿನ ಮೇಲೆ ದಂಡೆತ್ತಿದಾಗಲೂ ಅದೇ ಕಥೆ. ರಷ್ಯಾದ ಅಲ್ರೋಸಾ ಕಂಪನಿಯಲ್ಲಿ ಅಲ್ಲಿನ ಕೇಂದ್ರ ಸರ್ಕಾರದ ಪಾಲೇ ಮೂರನೇ ಒಂದು. ಆದರೂ ಯುರೋಪಿನ ನಿಷೇಧ ಜಾರಿಗೆ ಬಂದದ್ದು 2024ರ ಜನವರಿಯಲ್ಲಿ. ಕಿಂಬರ್ಲಿಯ ಕಣ್ಣಿಗಂತೂ ರಷ್ಯಾದ ಹರಳು ಸಂಘರ್ಷದ ವಜ್ರವೇ ಅಲ್ಲ, ಏಕೆಂದರೆ ಯುದ್ಧ ಹೂಡಿದ್ದು ಬಂಡುಕೋರನಲ್ಲ, ಸರ್ಕಾರ.

ವ್ಯಾಖ್ಯೆಯನ್ನು ವಿಸ್ತರಿಸಬೇಕೆಂಬ ಚರ್ಚೆ 2019ರಲ್ಲಿ ಮತ್ತೆ ಭಾರತದ ಅಧ್ಯಕ್ಷತೆಯಲ್ಲಿ ದೆಹಲಿಗೆ ಬಂತು. ಒಮ್ಮತ ಮೂಡಲಿಲ್ಲ. ಅಲ್ಲಿ ಯಾವ ನಿರ್ಧಾರಕ್ಕೂ ಒಮ್ಮತ ಬೇಕು, ಎಂದರೆ ಆರೋಪಿಯ ಒಪ್ಪಿಗೆಯೂ ಬೇಕು.

ಪೇಟೆಯವರ ಒಂದು ಮಾತನ್ನು ಮಾತ್ರ ತಳ್ಳಿಹಾಕಲಾಗದು. ಕಚ್ಚಾ ಮಾಲು ನಿಂತರೆ ಮೊದಲು ಒಲೆ ಆರುವುದು ಸೂರತ್‌ನಲ್ಲಿ ಸಾಣೆ ಹಿಡಿಯುವವನ ಮನೆಯಲ್ಲಿ. ನಿಜ. ಆದರೆ ಅವನ ಹೆಸರನ್ನು ಮುಂದಿಟ್ಟು ಉಳಿಸಿಕೊಳ್ಳುವುದು ಯಾರ ಲಾಭವನ್ನು? ಸಾಣೆಯವನ ಕೂಲಿ ಮತ್ತು ಮರಾಂಗೆಯ ಅಗೆಯುವವನ ಪ್ರಾಣ ಒಂದೇ ತಕ್ಕಡಿಯ ಎರಡು ತಟ್ಟೆಗಳೆಂದು ಹೇಳುವವನು, ತಕ್ಕಡಿ ಹಿಡಿದ ಕೈ ತನ್ನದೆಂದು ಹೇಳುವುದಿಲ್ಲ.

ಕಿಂಬರ್ಲಿಯ ಪತ್ರ ಬೇಕಾಗುವುದು ಕಚ್ಚಾ ವಜ್ರಕ್ಕೆ ಮಾತ್ರ. ಹಲವು ದೇಶಗಳ ಹರಳು ಸೇರಿದ್ದರೆ ಅದರ ಮೇಲೆ ‘ಮಿಶ್ರ ಮೂಲ’ ಎಂದು ಬರೆಯಬಹುದು. ಚಾರ್ಟರ್‌ಹೌಸ್ ಬೀದಿಯ ಡಬ್ಬಿಗೆ ಸಿಕ್ಕ ಹೊಸ ಹೆಸರು ಅದು. ಸಾಣೆಯ ಚಕ್ರಕ್ಕೆ ಹರಳು ತಾಗಿದ ಮೇಲೆ ಆ ಪತ್ರವೂ ಬೇಡ. ಸಂಜೆ ಬೂರ್ಸ್‌ನಿಂದ ಹೊರಬೀಳುವ ಗುಮಾಸ್ತ ಬಾಗಿಲಲ್ಲಿ ತಪಾಸಣೆಗೆ ನಿಂತು, ಆಟೊ ಹಿಡಿದು ಕುರ್ಲಾಕ್ಕೆ ಬರುತ್ತಾನೆ. ಅವನ ಕೊರಳಿಗೆ ತೂಗುಬಿದ್ದ ಚೀಟಿಯಲ್ಲಿ ಅವನ ಹೆಸರಿದೆ, ಫೋಟೊ ಇದೆ. ಅವನು ದಿನವಿಡೀ ಎಣಿಸಿ ಬೇರ್ಪಡಿಸಿದ ಹರಳುಗಳಿಗೆ ತೂಕವಿದೆ, ಬಣ್ಣವಿದೆ, ಬೆಲೆಯಿದೆ. ಊರು ಮಾತ್ರ ಇಲ್ಲ.