ಕಾಸರಕೋಡಿನ ಚಿರೆಕಲ್ಲು ಮತ್ತು ಭೂಕಾಲಗಣನೆ

ಹೊನ್ನಾವರದಿಂದ ಶರಾವತಿಯನ್ನು ದಾಟಿ ದಕ್ಷಿಣಕ್ಕೆ ಬಂದರೆ ಕಾಸರಕೋಡು. ಒಂದು ಮಗ್ಗುಲಲ್ಲಿ ಕಡಲ ದಂಡೆಯ ಮರಳು. ತುಸು ದೂರದಲ್ಲಿ, ಅಪ್ಸರಕೊಂಡದ ಕಡೆಗೆ, ಕೆಂಪು ಚಿರೆಕಲ್ಲಿನ ಗುಡ್ಡಗಳು. ಶಾಸನಗಳ ಕಾಲವನ್ನು ನಿರ್ಣಯಿಸುವ ಅಭ್ಯಾಸವುಳ್ಳವರು ಈ ಕಲ್ಲಿನ ಕಾಲವನ್ನೂ ವಿಚಾರಿಸುವುದು ಸಹಜವೇ ಆಗಿದೆ.

ಶಿಲಾಸ್ತರಗಳ ಅಧ್ಯಯನಕ್ಕೆ ತಳಹದಿಯಾದ ಸೂತ್ರವನ್ನು ೧೬೬೯ರಲ್ಲಿ ಡೆನ್ಮಾರ್ಕಿನ ನಿಕೊಲಾಸ್ ಸ್ಟೆನೊ ಪ್ರತಿಪಾದಿಸಿದನು: ಬುಡಮೇಲಾಗದೆ ಉಳಿದ ಸ್ತರಗಳಲ್ಲಿ ಕೆಳಗಿನದು ಹಳೆಯದು, ಮೇಲಿನದು ಹೊಸದು. ಇದರಿಂದ ದೊರೆಯುವುದು ಪೌರ್ವಾಪರ್ಯವೇ ಹೊರತು ವರ್ಷಸಂಖ್ಯೆಯಲ್ಲ. ತೇದಿಯಿಲ್ಲದ ಶಾಸನಗಳನ್ನು ಲಿಪಿಯ ರೂಪದಿಂದ ಹಿಂದುಮುಂದಾಗಿ ಜೋಡಿಸಬಹುದು. ಶಕವರ್ಷ ಬೇಕಾದರೆ ಬೇರೆ ಆಧಾರವೇ ಬೇಕು.

ಚಿರೆಕಲ್ಲಿನ ವಿಷಯದಲ್ಲಿ ಈ ಸೂತ್ರವೂ ನಮ್ಮನ್ನು ದಾರಿ ತಪ್ಪಿಸಬಲ್ಲದು. ಗಣಿಯ ಗೋಡೆಯಲ್ಲಿ ಮೇಲೆ ಕಬ್ಬಿಣದಂಶ ತುಂಬಿದ ಗಟ್ಟಿ ಪದರ, ಅದರಡಿ ತೂತುತೂತಾದ ಚಿರೆಕಲ್ಲು, ಅದಕ್ಕೂ ಕೆಳಗೆ ಮೆತ್ತನೆಯ ಶೇಡಿಮಣ್ಣು, ಕಟ್ಟಕಡೆಗೆ ಮೂಲಶಿಲೆ. ಇವು ಒಂದರ ಮೇಲೊಂದು ಬಂದು ಕೂತ ಸ್ತರಗಳೆಂದು ನಾನೇ ತರಗತಿಯಲ್ಲಿ ಹೇಳಿದ್ದುಂಟು. ಅದು ತಪ್ಪು. ಮೂಲಶಿಲೆಯಲ್ಲಿರುವ ಬೆಣಚುಕಲ್ಲಿನ ಎಳೆ ಕೆಲವೆಡೆ ಶೇಡಿಮಣ್ಣನ್ನೂ ಹಾದು ಚಿರೆಕಲ್ಲಿನೊಳಕ್ಕೆ ಮುಂದುವರಿದಿರುವುದು ಕಾಣುತ್ತದೆ. ಹೊರಗಿನಿಂದ ಬಂದು ಶೇಖರವಾದ ಪದರಗಳಾಗಿದ್ದರೆ ಆ ಎಳೆ ಹೀಗೆ ಉಳಿಯುತ್ತಿರಲಿಲ್ಲ. ಮಳೆನೀರು ಯುಗಯುಗಗಳಿಂದ ಇಂಗಿ, ಕರಗುವ ಅಂಶಗಳನ್ನು ಒಯ್ದು, ಕಬ್ಬಿಣ ಮತ್ತು ಅಲ್ಯುಮಿನಿಯಮ್‌ಗಳ ಅಂಶವನ್ನು ಉಳಿಸಿದೆ. ಇದ್ದಲ್ಲಿಯೇ ಕಲ್ಲು ರೂಪಾಂತರ ಹೊಂದಿದೆ. ೧೮೦೦ರಲ್ಲಿ ಮಲಬಾರಿನ ಅಂಗಡಿಪುರಂನಲ್ಲಿ ಈ ಕಲ್ಲನ್ನು ಪರಿಶೀಲಿಸಿ, ಮರುವರ್ಷ ಹೊನ್ನಾವರದ ಈ ಕರಾವಳಿಯಲ್ಲಿಯೂ ಸಂಚರಿಸಿದ ಫ್ರಾನ್ಸಿಸ್ ಬುಕಾನನ್, ಕಡಿಯುವಾಗ ಮೆತ್ತಗಿದ್ದು ಗಾಳಿಗೆ ಗಟ್ಟಿಯಾಗುವ ಅದರ ಗುಣವನ್ನು ಗಮನಿಸಿ, ಇಟ್ಟಿಗೆ ಎಂಬರ್ಥದ ಲ್ಯಾಟಿನ್ ಪದದಿಂದ ‘ಲ್ಯಾಟರೈಟ್’ ಎಂದು ಹೆಸರಿಟ್ಟನು. ಹೆಸರು ದೊರೆಯಿತು, ವಯಸ್ಸು ದೊರೆಯಲಿಲ್ಲ.

ವಯಸ್ಸು ದೊರೆಯಬೇಕಾದರೆ ವಿಕಿರಣಶೀಲತೆಯ ಶೋಧವಾಗಬೇಕಾಯಿತು. ಭೂಮಿಯು ತಣ್ಣಗಾಗುವ ವೇಗವನ್ನು ಗುಣಿಸಿ ಲಾರ್ಡ್ ಕೆಲ್ವಿನ್ ೧೮೯೭ರಲ್ಲಿ ಅದರ ವಯಸ್ಸು ೨ರಿಂದ ೪ ಕೋಟಿ ವರ್ಷಗಳೆಂದು ಹೇಳಿದ್ದನು. ಹತ್ತೇ ವರ್ಷಗಳ ತರುವಾಯ, ೧೯೦೭ರಲ್ಲಿ, ಬೋಲ್ಟ್‌ವುಡ್ ಯುರೇನಿಯಮ್ ಸೀಸವಾಗುವ ಪ್ರಮಾಣದಿಂದ ಖನಿಜಗಳ ವಯಸ್ಸನ್ನು ಎಣಿಸಿದಾಗ ಆ ಲೆಕ್ಕವು ಕುಸಿಯಿತು. ೧೯೫೬ರಲ್ಲಿ ಪ್ಯಾಟರ್ಸನ್ ಭೂಮಿಯ ವಯಸ್ಸನ್ನು ಸುಮಾರು ೪೫೫ ಕೋಟಿ ವರ್ಷಗಳೆಂದು ನಿರ್ಧರಿಸಿದನು. ನಮ್ಮ ನಾಡಿನ ಮಟ್ಟಿಗೆ, ಹಾಸನದ ಬಳಿಯ ಗೊರೂರಿನ ನೈಸ್ ಶಿಲೆಗೆ ೧೯೮೦ರಲ್ಲಿ ಪ್ರಕಟವಾದ ವಯಸ್ಸು ೩೩೬ ಕೋಟಿ ವರ್ಷ.

ಚಿರೆಕಲ್ಲಿಗೆ ಈ ಬಗೆಯ ಅಳತೆ ಸುಲಭವಲ್ಲ. ಅದರಲ್ಲಿರುವ ಹಳೆಯ ಹರಳನ್ನು ಅಳೆದರೆ ಮೂಲಶಿಲೆಯ ವಯಸ್ಸು ಬರುತ್ತದೆಯೇ ಹೊರತು ಚಿರೆಕಲ್ಲಿನದಲ್ಲ. ಹಳೆಯ ಗುಡಿಯ ಕಂಬವನ್ನು ಹೊಸ ಮನೆಗೆ ನಿಲ್ಲಿಸಿದಂತೆ. ನೀರಿಂಗುವಾಗ ಹೊಸದಾಗಿ ಹುಟ್ಟಿದ ಖನಿಜವೇ ಸಾಕ್ಷಿಯಾಗಬೇಕು. ಪೊಟ್ಯಾಸಿಯಮ್ ಉಳ್ಳ ಮ್ಯಾಂಗನೀಸಿನ ಅದಿರು ಅಂಥದು: ಅದು ಹುಟ್ಟಿದ ಕ್ಷಣದಿಂದ ಅದರಲ್ಲಿ ಆರ್ಗಾನ್ ಅನಿಲವು ಸಂಗ್ರಹವಾಗತೊಡಗುತ್ತದೆ. ಸಂಡೂರಿನ ಅದಿರನ್ನು ಹೀಗೆ ಪರೀಕ್ಷಿಸಿ ೨೦೧೪ರಲ್ಲಿ ಪ್ರಕಟಿಸಿದ ವಯಸ್ಸುಗಳು ಸುಮಾರು ೩.೬ ಕೋಟಿಯಿಂದ ೨.೬ ಕೋಟಿ ವರ್ಷಗಳವರೆಗೆ ಹರಡಿವೆ. ಒಂದೇ ಅಂಕಿಯಲ್ಲ, ಒಂದು ಕೋಟಿ ವರ್ಷಗಳ ಹರವು. ಶಿಥಿಲವಾಗುವ ಕ್ರಿಯೆ ಅಷ್ಟು ದೀರ್ಘವಾದುದು. ಆದರೆ ಸಂಡೂರಿನ ಸಂಖ್ಯೆಯನ್ನು ತಂದು ಹೊನ್ನಾವರದ ಗುಡ್ಡಕ್ಕೆ ಅಂಟಿಸುವುದು, ಬಳ್ಳಿಗಾವೆಯ ಶಾಸನದ ತೇದಿಯನ್ನು ಭಟ್ಕಳದ ಶಾಸನಕ್ಕೆ ಹಚ್ಚಿದಷ್ಟೇ ಅವಿಚಾರ. ಅಲ್ಲಿಯದು ಘಟ್ಟದಾಚೆಯ ಪ್ರಸ್ಥಭೂಮಿ, ಇಲ್ಲಿಯದು ಕರಾವಳಿ.

ಈ ಸಾಕ್ಷ್ಯವು ಕಾಣಸಿಗುವುದು ಬಹುಮಟ್ಟಿಗೆ ಕಲ್ಲುಗಣಿಗಳಲ್ಲಿಯೇ. ಕಲ್ಲು ಮುಗಿದ ಗಣಿಯಲ್ಲಿ ನೀರು ನಿಲ್ಲುತ್ತದೆ, ಇಲ್ಲವೆ ಅದನ್ನು ಕಸದಿಂದ ತುಂಬಿಸುತ್ತಾರೆ. ಶಾಸನವು ಒಡೆದುಹೋಗುವ ಮೊದಲು ಅಚ್ಚು ತೆಗೆದಿಟ್ಟುಕೊಳ್ಳುವಂತೆ, ಗಣಿಯ ಗೋಡೆಯನ್ನೂ ಅಳೆದು ಚಿತ್ರಿಸಿಡುವ ಕೆಲಸವನ್ನು ನಮ್ಮ ಕಾಲೇಜುಗಳ ವಿದ್ಯಾರ್ಥಿಗಳು ಒಂದು ಅಳತೆಪಟ್ಟಿಯಿಂದಲೇ ಮಾಡಬಲ್ಲರು.

ಇನ್ನು ಕಾಸರಕೋಡಿನ ಮರಳು. ಅದರ ಕಣಗಳು ಪುರಾತನ ಶಿಲೆಗಳಿಂದ ಬಿಡಿಬಿಡಿಯಾದವು. ದಂಡೆಯಾದರೋ ತೀರ ಈಚಿನದು. ಮರಳಿನ ಕಣವು ಕೊನೆಯ ಬಾರಿ ಬಿಸಿಲು ಕಂಡು ಹೂತುಹೋದ ಕಾಲವನ್ನು, ಅದು ಹೊರಸೂಸುವ ಬೆಳಕಿನಿಂದಲೇ ಅಳೆಯುವ ವಿಧಾನವೊಂದು ಈಗ ಬಳಕೆಯಲ್ಲಿದೆ. ೧೯೬೪ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಪೂರ್ಣಗೊಂಡಂದಿನಿಂದ ಮೇಲಿನ ಕಣಿವೆಯ ಮರಳು, ಹೂಳುಗಳ ಬಹುಭಾಗ ಆ ಜಲಾಶಯದ ತಳದಲ್ಲಿಯೇ ಸ್ತರಸ್ತರವಾಗಿ ಕೂರುತ್ತಿದೆ.