ವೇಗಮಾಪಕದ ತಂತಿ

ಮೂವತ್ತು ವರ್ಷ ಪ್ರೌಢಶಾಲೆಯಲ್ಲಿ ಭೌತಶಾಸ್ತ್ರವನ್ನು ಬೋಧಿಸಿದ ನನಗೆ, ಕಾರಿನ ವೇಗಮಾಪಕದೊಳಗೆ ಏನಿದೆಯೆಂಬುದು ತಿಳಿದಿರಲಿಲ್ಲವೆಂದರೆ ಓದುಗರು ನಗಬಹುದು. ಅದನ್ನು ನನಗೆ ತಿಳಿಸಿದವನು ಹತ್ತನೆಯ ತರಗತಿಯಲ್ಲಿ ಎರಡು ಬಾರಿ ನಪಾಸಾಗಿ ಗ್ಯಾರೇಜು ಸೇರಿದ ನನ್ನ ಹಳೆಯ ವಿದ್ಯಾರ್ಥಿ.

ಕೆಲವು ವರ್ಷಗಳ ಹಿಂದೆ, ತೀರಿಕೊಂಡ ಅಣ್ಣನ ಅಂಬಾಸಡರ್ ಕಾರನ್ನು ಮಾರುವ ಹೊಣೆ ನನ್ನ ಪಾಲಿಗೆ ಬಂದಿತು. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರನ್ನು ಆಧರಿಸಿ, ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ 2014ರವರೆಗೂ ತಯಾರಾಗುತ್ತಿದ್ದ ವಾಹನವದು. ಅಣ್ಣನ ಕಾರಿನಲ್ಲಿ ವೇಗದ ಮುಳ್ಳು ಸೊನ್ನೆಯಿಂದ ಏಳುತ್ತಿರಲಿಲ್ಲ; ದೂರವನ್ನೆಣಿಸುವ ಅಂಕಿಗಳೂ ನಿಂತಿದ್ದವು.

"ಮುಳ್ಳು ಒಂದೇ ನಿಂತಿದ್ರೆ ಮೀಟರ್ ದೋಷ ಸಾರ್. ಎರಡೂ ನಿಂತಿವೆ, ಕೇಬಲ್ಲೇ ಹೋಗಿರ್ಬೇಕು" ಎಂದ ಶಿಷ್ಯ. ಮೀಟರಿನ ಹಿಂದಿನ ನಟ್ಟು ಬಿಚ್ಚಿ ಎಳೆದಾಗ ಒಳತಂತಿಯ ಅರ್ಧ ಮಾತ್ರ ಬಂದಿತು. ಉಳಿದರ್ಧ ಗೇರ್‌ಬಾಕ್ಸಿನ ಕಡೆಯಿಂದ ಹೊರಬಂದಿತು.

ಹೊಸ ತಂತಿಯನ್ನು ಆತ ಮೊದಲು ಗಾಜಿನ ಮೇಲೆ ಉರುಳಿಸಿ ನೋಡಿದ. ಎಲ್ಲಿಯಾದರೂ ಸೊಟ್ಟಗಿದ್ದರೆ ಮುಳ್ಳು ನಡುಗುತ್ತದೆಯಂತೆ. ಬಳಿಕ ತೆಳುವಾಗಿ ಗ್ರೀಸು ಸವರಿ, ಮೇಲ್ತುದಿಯ ನಾಲ್ಕು ಬೆರಳಗಲವನ್ನು ಹಾಗೆಯೇ ಬಿಟ್ಟ. ಅಲ್ಲಿಗೂ ಹಚ್ಚಿದರೆ ತಂತಿ ತಿರುಗುತ್ತಿದ್ದಂತೆ ಗ್ರೀಸು ಮೇಲೇರಿ ಮೀಟರನ್ನು ಕೆಡಿಸುತ್ತದೆ. ಕೇಬಲ್ಲು ಎಲ್ಲಿಯೂ ಚೂಪಾಗಿ ಬಾಗದಂತೆ ಅದನ್ನು ಕೂರಿಸಿದ. ಮುಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಗೇರು ನ್ಯೂಟ್ರಲ್ಲಿನಲ್ಲಿರಿಸಿ, ಹ್ಯಾಂಡ್‌ಬ್ರೇಕ್ ಸಡಿಲಿಸಿ, ಜಾಕಿನಿಂದೆತ್ತಿದ ಹಿಂಚಕ್ರವನ್ನು ಕೈಯಿಂದ ತಿರುಗಿಸಿದಾಗ, ತಂತಿಯ ಚೌಕ ತುದಿ ಒಂದೇ ಸಮನೆ ತಿರುಗಿತು.

ಅನಂತರ ಆತ ಬಿಚ್ಚಿಟ್ಟಿದ್ದ ಒಂದು ಹಳೆಯ ಮೀಟರನ್ನು ತೋರಿಸಿದ. ತಂತಿ ತಿರುಗಿಸುವುದು ಒಂದು ಅಯಸ್ಕಾಂತವನ್ನು. ಅದಕ್ಕೆ ತಾಗದಂತೆ ಸುತ್ತಲೂ ಅಲ್ಯೂಮಿನಿಯಂ ಬಟ್ಟಲು. ಬಟ್ಟಲಿಗೆ ಮುಳ್ಳು ಮತ್ತು ಕೂದಲೆಳೆಯಂಥ ಸ್ಪ್ರಿಂಗು. ಅಯಸ್ಕಾಂತವನ್ನು ತಿರುಗಿಸಿದೊಡನೆ ಬಟ್ಟಲು ಅದನ್ನು ಹಿಂಬಾಲಿಸಿತು!

ನಾನು ಬೆರಗಾದೆ. ತಿರುಗುವ ತಾಮ್ರದ ತಟ್ಟೆಯು ಅಯಸ್ಕಾಂತ ಸೂಜಿಯನ್ನು ಮುಟ್ಟದೆಯೇ ಸೆಳೆದೊಯ್ಯುವುದನ್ನು ಫ್ರಾನ್ಸಿನ ಅರಾಗೋ 1824ರಲ್ಲಿ ಕಂಡಿದ್ದ. ಲೋಹದೊಳಗೆ ಹುಟ್ಟುವ ವಿದ್ಯುತ್ತೇ ಅದಕ್ಕೆ ಕಾರಣವೆಂಬುದು ಫ್ಯಾರಡೆ 1831ರಲ್ಲಿ ವಿದ್ಯುತ್ಕಾಂತೀಯ ಪ್ರೇರಣೆಯನ್ನು ಕಂಡುಹಿಡಿದ ಮೇಲೆ ಸ್ಪಷ್ಟವಾಯಿತು. ಈ ತತ್ತ್ವದಿಂದ ವೇಗಮಾಪಕವನ್ನು ರೂಪಿಸಿ, ಆಗ ಜರ್ಮನಿಗೆ ಸೇರಿದ್ದ ಸ್ಟ್ರಾಸ್‌ಬರ್ಗಿನ ಓಟೋ ಶುಲ್ಟ್ಸ್ 1902ರಲ್ಲಿ ಪೇಟೆಂಟ್ ಪಡೆದ. ವಿದ್ಯುನ್ಮಾನ ಮಾಪಕಗಳು ಬರುವವರೆಗೂ ಜಗತ್ತಿನ ಬಹುಪಾಲು ಕಾರುಗಳಲ್ಲಿದ್ದುದು ಇದೇ ವಿಧಾನ. ಕಪ್ಪುಹಲಗೆಯ ಮೇಲೆ ನಾನು ಬರೆದು ಅಳಿಸುತ್ತಿದ್ದ ನಿಯಮ, ಅಣ್ಣನ ಕಾರಿನಲ್ಲಿ ಅಷ್ಟು ವರ್ಷ ನನ್ನ ಕಣ್ಣೆದುರೇ ಕೆಲಸ ಮಾಡುತ್ತಿದ್ದಿತು.

ಹೆದ್ದಾರಿಯಲ್ಲಿ ಪರೀಕ್ಷಿಸಿದೆವು. ಮುಳ್ಳನ್ನು 60ರಲ್ಲಿಯೇ ನಿಲ್ಲಿಸಿದರೆ, ಒಂದು ಕಿಲೋಮೀಟರ್ ಕಲ್ಲಿನಿಂದ ಇನ್ನೊಂದಕ್ಕೆ 60 ಸೆಕೆಂಡು ಹಿಡಿಯಬೇಕು. ನನ್ನ ಕೈಗಡಿಯಾರ 64 ತೋರಿಸಿತು. ಅಂದರೆ ನಿಜವಾದ ವೇಗ 56. "ಹೆಚ್ಚು ತೋರಿಸಿದ್ರೆ ಅಪಾಯ ಇಲ್ಲ ಸಾರ್, ಕಡಿಮೆ ತೋರಿಸಬಾರದು" ಎಂದ.

ದೂರದ ಅಂಕಿಗಳಿಗೆ ಮಾತ್ರ ಅಯಸ್ಕಾಂತದ ಸಹಾಯವಿಲ್ಲ. ಅವು ಹಲ್ಲುಚಕ್ರಗಳಿಂದ ನಡೆಯುತ್ತವೆ. ತಂತಿ ತಿರುಗದಿದ್ದ ದಿನಗಳನ್ನು ಅವು ಎಣಿಸುವುದೇ ಇಲ್ಲ. ಅಣ್ಣ ಪೆಟ್ರೋಲಿನ ಲೆಕ್ಕವನ್ನು ಒಂದು ನೋಟುಪುಸ್ತಕದಲ್ಲಿ ಬರೆದಿಡುತ್ತಿದ್ದ. ಅದರ ಕೊನೆಯ ಹದಿನಾಲ್ಕು ತಿಂಗಳ ಪುಟಗಳಲ್ಲಿ ಒಂದೇ ಸಂಖ್ಯೆಯಿದ್ದಿತು. "ಈಗ ಮೀಟರ್ ಓಡ್ತಾ ಇದೆಯಲ್ಲ ಚಿಕ್ಕಪ್ಪ, ಅದನ್ನೆಲ್ಲ ಯಾಕೆ ಹೇಳ್ಬೇಕು?" ಎಂದ ಅಣ್ಣನ ಮಗ. ಅಣ್ಣ ಬರೆದಿಟ್ಟದ್ದನ್ನು ಮುಚ್ಚಿಡಲು ನನಗೆ ಮನಸ್ಸಾಗಲಿಲ್ಲ. ಕೊಳ್ಳಲು ಬಂದವರ ಮುಂದೆ ಪುಸ್ತಕವನ್ನು ತೆರೆದಿಟ್ಟೆ. ಅವರು ಪೆಟ್ರೋಲಿನ ಲೆಕ್ಕದಿಂದ ಓಡಿದ ದೂರವನ್ನು ಅಂದಾಜು ಮಾಡಿ, ನಾಲ್ಕು ಸಾವಿರ ಕಡಿಮೆ ಮಾಡಿ ಕೊಂಡರು. ಹೋಗುವಾಗ ಆ ಪುಸ್ತಕವನ್ನೂ ಕೇಳಿ ಒಯ್ದರು.

ಶಿಷ್ಯನ ಹಳೆಯ ಮೀಟರು ಈಗ ನನ್ನ ಮೇಜಿನ ಮೇಲಿದೆ. ಮನೆಗೆ ಬರುವ ಮಕ್ಕಳಿಗೆ ತಿರುಗಿಸಿ ತೋರಿಸುತ್ತೇನೆ. ಕಲಿಸಿದವನು ಯಾರೆಂಬುದನ್ನೂ ಹೇಳುತ್ತೇನೆ.